ಕೆನರಾ ಸೆರೆಯವರ ಸ್ಮಾರಕಗಳು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ವೀರಗಲ್ಲೆಂದರೇನೆಂದು ಬಿಡಿಸಿ ಹೇಳಬೇಕಾದುದಿಲ್ಲ. ತುರುಗಳನ್ನು ಕಾಯ್ದು ಮಡಿದವನಿಗೆ ಊರವರು ಕಲ್ಲು ನೆಟ್ಟರು. ಹಾಗಾದರೆ ಮತದ ನಿಮಿತ್ತ ಹಿಂಸೆಪಟ್ಟು ಸತ್ತವರಿಗೆ ಕಲ್ಲುಂಟೇ ಎಂದು ತರಗತಿಯಲ್ಲಿ ಹುಡುಗಿಯರು ಕೇಳುವುದುಂಟು.

ಕಥೋಲಿಕ ಸಭೆಯಲ್ಲಿ ಹುತಾತ್ಮರೆಂಬ ಬಿರುದು ಸುಲಭವಾಗಿ ದೊರೆಯದು. ಒಬ್ಬೊಬ್ಬರ ಮರಣವನ್ನೂ ವಿಚಾರಿಸಿ, ಸಾಕ್ಷ್ಯವನ್ನು ತೂಗಿ, ಬಹುಕಾಲದ ಮೇಲೆ ಅದನ್ನು ಕೊಡುತ್ತಾರೆ. ತಿರುವಾಂಕೂರಿನ ದೇವಸಹಾಯಂ ಪಿಳ್ಳೆಯವರು ಗುಂಡಿಗೆ ಬಲಿಯಾದದ್ದು 1752ರಲ್ಲಿ. ಸಂತರೆಂದು ಘೋಷಿಸಲ್ಪಟ್ಟದ್ದು 2022ರಲ್ಲಿ. ಹೆಸರೇ ಉಳಿಯದ ಸಾವಿರಾರು ಜನರಿಗೆ ಆ ದಾರಿ ಎಲ್ಲಿಯದು? ಕನ್ನಡನಾಡಿನ ಕಥೆ ಇಂಥವರದೇ ಆಗಿದೆ.

1784ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕೆನರಾ ಸೀಮೆಯ ಕಥೋಲಿಕರನ್ನು ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಯಿಸಿದನು. ಅವರು 30,000 ಮಂದಿಯೆಂದು ಕೆಲವರೂ 60,000 ಎಂದು ಕೆಲವರೂ ಬರೆದಿರುತ್ತಾರೆ. ಹಾದಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಬಲಾತ್ಕಾರದಿಂದ ಮತಾಂತರ ಹೊಂದಿದವರೂ ಉಂಟು. ಉಳಿದವರಿಗೆ ಬಿಡುಗಡೆಯಾದದ್ದು 1799ರ ಮೇ 4ರಂದು ಪಟ್ಟಣವು ಬಿದ್ದ ಮೇಲೆಯೇ. ಈ ಪಾಠ ಹೇಳುವಾಗ ಮುಸಲ್ಮಾನ ಹುಡುಗಿಯರೂ ಮುಂದೆ ಕುಳಿತಿರುತ್ತಾರೆ. ಅದೇ ಸುಲ್ತಾನನು 1791ರಲ್ಲಿ ಶೃಂಗೇರಿ ಮಠಕ್ಕೆ ಸಹಾಯ ಮಾಡಿದನೆಂಬುದನ್ನು ನಾನು ಬಿಡದೆ ಹೇಳುತ್ತೇನೆ. ಆದರೆ ಅದರಿಂದ ಇದನ್ನು ಅಳಿಸಿಬಿಡುವುದಿಲ್ಲ.

ಈ ಸೆರೆಯವರ ನಿಜವಾದ ಸ್ಮಾರಕಗಳು ಇಗರ್ಜಿಗಳೇ ಎಂದು ನನ್ನ ಅಭಿಪ್ರಾಯ. ಮಂಗಳೂರಿನಲ್ಲಿ 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿಯು ಆ ವರ್ಷ ನೆಲಸಮವಾಯಿತು. ಮರಳಿ ಬಂದವರು ಅದನ್ನು ಪುನಃ ಎತ್ತಿ ನಿಲ್ಲಿಸಿದರು. ಮೂಡಬಿದಿರೆಯ ಬಳಿ ಹೊಸಬೆಟ್ಟಿನ ಇಗರ್ಜಿ ಮಾತ್ರ ಕೆಡವಲ್ಪಡದೆ ಉಳಿದದ್ದು ಜೈನರಾದ ಚೌಟ ಅರಸರ ಸ್ನೇಹದಿಂದ. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ಲಿಂಗವಂತನಾದ ದೊಡ್ಡವೀರರಾಜೇಂದ್ರನು ನೆಲವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಹುಟ್ಟಿದುದು ಹಾಗೆ. ಹಿಂಸೆಯನ್ನಷ್ಟೇ ಕೆತ್ತಿದ ಕಲ್ಲು ಈ ಅರಸರ ಮಾತನ್ನು ಹೇಳುತ್ತಿರಲಿಲ್ಲ.

ಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ ಅವರು ಚದರಿಹೋಗಿದ್ದ ಕಥೋಲಿಕರನ್ನು ಕೂಡಿಸಲು ಬಂದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಕಾವೇರಿಯ ದಡದ ಇಗರ್ಜಿಗೆ ಇಂದಿಗೂ ಅವರ ಹೆಸರೇ ಇದೆ. ಪ್ರವಾಸ ಹೋದವರು ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ ಹಿಂದಿರುಗುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರು ಅಲ್ಲಿ ಯಾರನ್ನಾದರೂ ಕೇಳಿದರೆ ಇಗರ್ಜಿಯ ದಾರಿ ತೋರಿಸಿಯಾರು, ದೂರವೇನೂ ಅಲ್ಲ.