ಹಾಟ್‌ಡಿಶ್ ಯಾರ ಅಡುಗೆ?

ವಾರದ ನಡುವಿನ ರಾತ್ರಿಯೂಟಕ್ಕೆಂದು ದನದ ಮಾಂಸದ ಕೈಮಾ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುವ ಅಡುಗೆಗೆ ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ ಹಾಟ್‌ಡಿಶ್ ಎನ್ನುತ್ತಾರೆ. ಆ ದೇಶದ ಉಳಿದ ಕಡೆ ಅದು ಕ್ಯಾಸರೋಲ್. ಮಾಡುವ ಬಗೆ ಸುಲಭ. ಅರ್ಧ ಕಿಲೋದಷ್ಟು ಕೈಮಾವನ್ನು ಈರುಳ್ಳಿಯೊಂದಿಗೆ ಕಂದುಬಣ್ಣ ಬರುವ ತನಕ ಹುರಿದು, ಬಿಟ್ಟ ಕೊಬ್ಬನ್ನು ಬಸಿದು, ಒಂದು ಡಬ್ಬಿ ಅಣಬೆ ಸೂಪು, ಬಟಾಣಿ ಇಲ್ಲವೇ ಬೀನ್ಸ್ ಬೆರೆಸಿ ಗಾಜಿನ ಅಗಲ ಪಾತ್ರೆಗೆ ಹಾಕುತ್ತಾರೆ. ಮೇಲೆ ಟೇಟರ್ ಟಾಟ್ಸ್ ಎಂಬ ಆಲೂಗಡ್ಡೆಯ ತುಂಡುಗಳನ್ನು ಸಾಲಾಗಿ ಜೋಡಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಮುಕ್ಕಾಲು ಗಂಟೆ ಇಡುತ್ತಾರೆ. ಮುಚ್ಚಳ ಹಾಕುವುದಿಲ್ಲ; ಹಾಕಿದರೆ ಹಬೆಗೆ ಆಲೂಗಡ್ಡೆ ಮೆತ್ತಗಾಗುತ್ತದೆ. ಡಬ್ಬಿ, ಪ್ಯಾಕೆಟ್ಟುಗಳಿಂದಲೇ ಆಗುವ ಇದನ್ನು ಕಂಪನಿಗಳು ಮನೆಮನೆಗೆ ಹೇರಿದ ಅಡುಗೆ ಎಂದು ತಳ್ಳಿಹಾಕುವವರಿದ್ದಾರೆ. ಯಾವುದು ಯಾವಾಗ ಬಂತೆಂದು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಕ್ಯಾಂಪ್‌ಬೆಲ್ ಕಂಪನಿಯ ರಸಾಯನತಜ್ಞ ಜಾನ್ ಡೊರೆನ್ಸ್, ನೀರಿನಂಶ ತಗ್ಗಿಸಿದ ಗಟ್ಟಿ ಸೂಪನ್ನು ರೂಪಿಸಿದ್ದು 1897ರಲ್ಲಿ. ಡಬ್ಬಿ ಚಿಕ್ಕದಾಯಿತು, ಸಾಗಣೆ ಖರ್ಚು ಇಳಿಯಿತು, ಬೆಲೆ ಹತ್ತು ಸೆಂಟ್‌ಗೆ ಬಂತು. ಓವನ್ನಿನ ಶಾಖ ತಡೆಯುವ ಪೈರೆಕ್ಸ್ ಗಾಜನ್ನು ಕಾರ್ನಿಂಗ್ ಕಾರ್ಖಾನೆ 1915ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಬೇಯಿಸಿದ ಪಾತ್ರೆಯನ್ನೇ ಊಟದ ಮೇಜಿಗೆ ತರುವುದು ಸಾಧ್ಯವಾಯಿತು. ಅಣಬೆ ಸೂಪು ಬಂದದ್ದು ಮಾತ್ರ 1934ರಲ್ಲಿ. ಟೇಟರ್ ಟಾಟ್ಸ್ ಇನ್ನೂ ಈಚಿನದು: ಫ್ರೆಂಚ್ ಫ್ರೈಸ್ ಕತ್ತರಿಸಿದಾಗ ಉಳಿಯುತ್ತಿದ್ದ ಆಲೂಗಡ್ಡೆ ಚೂರುಗಳನ್ನು ಏನು ಮಾಡುವುದೆಂದು ತಿಳಿಯದೆ ಓರ್-ಐಡಾ ಕಂಪನಿಯ ಗ್ರಿಗ್ ಸಹೋದರರು 1953ರಲ್ಲಿ ಕಂಡುಕೊಂಡ ದಾರಿ ಅದು. ಆದರೆ ಹಾಟ್‌ಡಿಶ್‌ನ ಅತಿ ಹಳೆಯ ಮುದ್ರಿತ ಪಾಕವಿಧಾನವೆಂದು ಗುರುತಿಸಲಾಗಿರುವುದು 1930ರದು. ಮಿನ್ನೆಸೋಟದ ಮ್ಯಾಂಕೇಟೊ ಊರಿನ ಗ್ರೇಸ್ ಲೂಥರನ್ ಚರ್ಚಿನ ಮಹಿಳೆಯರು ತಂದ ಅಡುಗೆ ಪುಸ್ತಕದಲ್ಲಿ ಅದು ಇದೆ. ಕೈಮಾ, ಈರುಳ್ಳಿ, ಸೆಲರಿ, ಡಬ್ಬಿ ಬಟಾಣಿ, ಟೊಮೆಟೊ ಸೂಪು, ಮ್ಯಾಕರೋನಿ ಅದರ ಸಾಮಗ್ರಿ. ಇಂದು ಈ ಅಡುಗೆಯ ಗುರುತೇ ಆಗಿರುವ ಅಣಬೆ ಸೂಪು, ಟೇಟರ್ ಟಾಟ್ಸ್ ಎರಡೂ ಅದರಲ್ಲಿಲ್ಲ. ಆರ್ಥಿಕ ಕುಸಿತ ಶುರುವಾಗಿದ್ದ ಆ ಕಾಲದಲ್ಲಿ ಸ್ವಲ್ಪ ಮಾಂಸವನ್ನು ಮ್ಯಾಕರೋನಿ, ಬಟಾಣಿಗಳ ಜೊತೆ ಹಿಗ್ಗಿಸಿ ಹಲವರಿಗೆ ಬಡಿಸುವ ಲೆಕ್ಕಾಚಾರವೇ ಈ ಅಡುಗೆಯ ಜೀವಾಳ. ಆ ಲೆಕ್ಕ ಮನೆ ತೂಗಿಸುವ ಹೆಂಗಸರದು, ಕಾರ್ಖಾನೆಯದಲ್ಲ.

ಮ್ಯಾಂಕೇಟೊದ ಪಾಕದಲ್ಲೂ ಡಬ್ಬಿ ಸೂಪು ಇತ್ತಲ್ಲ ಎಂದು ಕೇಳಬಹುದು. ಇತ್ತು. ತನ್ನ ಸೂಪನ್ನು ಬೇರೆ ಅಡುಗೆಗಳಿಗೆ ಬಳಸುವಂತೆ ಹೇಳುವ ಪುಸ್ತಿಕೆಯನ್ನು ಕ್ಯಾಂಪ್‌ಬೆಲ್ 1916ರಲ್ಲೇ ಹೊರತಂದಿತ್ತು ಎಂಬುದೂ ನಿಜ. ಬೀನ್ಸ್ ಕ್ಯಾಸರೋಲ್ ಅಂತೂ 1955ರಲ್ಲಿ ಅದೇ ಕಂಪನಿಯ ಪ್ರಯೋಗದ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅವರ ಕೈಯಲ್ಲಿ ಹುಟ್ಟಿದ್ದು. ಆದರೂ ಸಾಮಾನು ಒದಗಿಸಿದವರೆಲ್ಲ ಅಡುಗೆಯ ಕರ್ತೃಗಳಾಗುವುದಿಲ್ಲ. ಸೂಪು ಬದಲಾಯಿತು, ಮ್ಯಾಕರೋನಿ ಹೋಗಿ ಆಲೂಗಡ್ಡೆ ಬಂತು, ಅಡುಗೆಯ ಕ್ರಮ ಮಾತ್ರ ಹಾಗೇ ಉಳಿಯಿತು. ಜನರಲ್ ಮಿಲ್ಸ್ 1971ರಲ್ಲಿ ತಂದ ಹ್ಯಾಂಬರ್ಗರ್ ಹೆಲ್ಪರ್ ಪೊಟ್ಟಣದೊಳಗೆ ತುಂಬಿದ್ದೂ ಇದೇ ಹಳೆಯ ಉಪಾಯವನ್ನು: ಅರ್ಧ ಕಿಲೋ ಕೈಮಾದಿಂದ ಇಡೀ ಸಂಸಾರದ ಊಟ.

ಉಪ್ಪಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಡಬ್ಬಿ ಸೂಪಿನಲ್ಲಿ ಅದು ಹೆಚ್ಚು, ಸಮರ್ಥಿಸಿಕೊಳ್ಳುವಂತಿಲ್ಲ. ಡಬ್ಬಿ ಬೇಡವೆಂದರೆ ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು, ಗಂಟಾಗದಂತೆ ಕೈಯಾಡಿಸುತ್ತ ಬಿಳಿ ಸಾಸ್ ಮಾಡಿ, ಬೇರೆ ಹುರಿದ ಅಣಬೆ ಸೇರಿಸಬೇಕು. ರುಚಿ ಖಂಡಿತ ಮೇಲು. ಅದಕ್ಕೆ ಇನ್ನೊಂದು ಪಾತ್ರೆ, ಒಲೆ ಬಿಟ್ಟು ಕದಲದೆ ನಿಲ್ಲುವ ಹದಿನೈದು ಇಪ್ಪತ್ತು ನಿಮಿಷ ಬೇಕು. ಹೀಗೆ ಮಾಡಿ ಎಂದು ಸಲಹೆ ಕೊಡುವವರು, ದುಡಿದು ಸಂಜೆ ಮನೆಗೆ ಬಂದವರ ಬಳಿ ಅಷ್ಟು ಹೊತ್ತು ಇದೆಯೇ ಎಂಬುದನ್ನು ಮೊದಲು ಕೇಳಬೇಕು.