ಬಾಕಿ ಪುಸ್ತಕದ ಹೂವಜ್ಜಿ

ಹಾರನಹಳ್ಳಿಗೆ ಜನ ಹೋಗುವುದು ಹೆಚ್ಚಾಗಿ ಹೊಯ್ಸಳರ ಕಾಲದ ಗುಡಿ ನೋಡಲು, ಇಲ್ಲವೇ ಕೋಡಿಮಠಕ್ಕೆ. ನಾನು ಹೋದದ್ದು ಒಬ್ಬ ಅಜ್ಜಿಯನ್ನು ಕಾಣಲು. ಮೂವತ್ತು ವರ್ಷಕ್ಕೂ ಮೇಲೆ ಬೆಂಗಳೂರಿನ ಒಂದು ಇಕ್ಕಟ್ಟಿನ ಬಡಾವಣೆಯ ಮೂಲೆಯಲ್ಲಿ ಹೂವು ಮಾರಿ, ಮಂಡಿನೋವು ತಡೆಯಲಾರದೆ ಈಗ ತಂಗಿಯ ಮನೆ ಸೇರಿದವರು. ಹಬ್ಬಕ್ಕೆ ಮುಂಚೆ ಅಲ್ಲಿನ ಠಾಣೆಯಲ್ಲಿ ಶಾಂತಿಸಭೆ ಕರೆದಾಗಲೆಲ್ಲ ಇವರಿಗೂ ಒಂದು ಕುರ್ಚಿ ಇರುತ್ತಿತ್ತಂತೆ. ಮುಖಂಡರು, ಮೌಲ್ವಿಗಳು, ಸಂಘದ ಅಧ್ಯಕ್ಷರ ನಡುವೆ ಹೂವಾಡಗಿತ್ತಿಗೆ ಕುರ್ಚಿ! ಅದೊಂದು ಮಾತೇ ನನ್ನನ್ನು ಅರಸೀಕೆರೆ ಬಸ್ಸು ಹತ್ತಿಸಿತು.

ಜಗಲಿಯ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಕಾಕಡದ ರಾಶಿ. ಬಾಳೆನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಎರಡು ಹೂ ಆ ಕಡೆ, ಎರಡು ಈ ಕಡೆ, ಒಂದು ಗಂಟು. ಮುಖ ನೋಡಿಕೊಂಡೇ ಮಾತಾಡುತ್ತಾರೆ, ಬೆರಳು ತನ್ನ ಪಾಡಿಗೆ ಓಡುತ್ತದೆ. ‘ನನ್ನ ಹೆಸರು ಬರೀಬೇಡ ಮಗ, ಹೂವಜ್ಜಿ ಅಂದ್ರೆ ಸಾಕು’ ಎಂದರು.

‘ಗಣಪತಿ ಹುಡುಗರಿಗೂ ನಂದೇ ಹೂವು, ಉರುಸಿನ ಚಾದರಕ್ಕೂ ನಂದೇ ಹೂವು, ಹೆಣಕ್ಕೂ ನಂದೇ. ಯಾರ ಮನೇಲಿ ಏನು ನಡೀತು ಅಂತ ನಂಗೆ ಮೊದಲು ಗೊತ್ತಾಗೋದು.’

ಒಂದು ಸಂಜೆಯ ಸಂಗತಿ ಹೇಳಿದರು. ಗಣಪತಿ ಮೆರವಣಿಗೆಗೆ ಎರಡು ದಿನವಿತ್ತು. ಯಾರೋ ಬ್ಯಾನರ್ ಹರಿದರೆಂದು ಎರಡು ಗುಂಪು ಎದುರುಬದುರು ನಿಂತವು. ಒಬ್ಬನ ಕೈಯಲ್ಲಿ ಪೆಂಡಾಲಿನ ಗಳ. ಅಜ್ಜಿ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನೇರ ಅವನ ಮುಂದೆ ಹೋದರು. ‘ನಿಮ್ಮಮ್ಮಂಗೆ ಕಣ್ಣಿನ ಆಪರೇಷನ್ ಆಯ್ತೇನೋ?’ ಅವನು ತಡವರಿಸಿ, ಬುಧವಾರ ಅಂದಿದ್ದಾರೆ ಎಂದ. ತಿರುಗಿ ಇನ್ನೊಬ್ಬನಿಗೆ, ‘ನಿಮ್ಮಕ್ಕ ಹೆರಿಗೆಗೆ ಹೋಗಿದ್ಲಲ್ಲ, ಗಂಡೋ ಹೆಣ್ಣೋ?’ ಅವನೂ ಉತ್ತರ ಕೊಡಲೇಬೇಕಾಯಿತು. ‘ಜಗಳ ಬಿಡಿ ಅಂತ ನಾನು ಅನ್ಲೇ ಇಲ್ಲ. ಬಾಯಿಗೆ ಬೇರೆ ಮಾತು ಕೊಟ್ಟೆ, ಅಷ್ಟೆ. ಅಷ್ಟರಲ್ಲಿ ದೊಡ್ಡೋರು ಬಂದ್ರು.’

ಶಾಂತಿಸಭೆಯ ಕಥೆ ಇನ್ನೂ ಸೊಗಸು. ಎಲ್ಲರೂ ಸೌಹಾರ್ದದ ಬಗ್ಗೆ ಮಾತಾಡಿ ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ ಇವರತ್ತ ನೋಡಿ, ‘ನೀವೇನಾದ್ರೂ ಹೇಳ್ತೀರಾ ಅಮ್ಮ?’ ಎಂದರಂತೆ. ‘ಮಸೀದಿ ತಿರುವಲ್ಲಿ ಮನೆ ಕಟ್ಟಿಸ್ತಾವ್ರೆ ಸಾರ್, ಒಂದು ಲೋಡು ಜಲ್ಲಿ ಬಿದ್ದಿದೆ. ಮೆರವಣಿಗೆ ಅಲ್ಲೇ ನಿಂತು ಕುಣಿಯೋದು. ಅದನ್ನ ಎತ್ತಿಸಿಬಿಡಿ.’ ಮಾರನೆ ದಿನ ಟ್ರ್ಯಾಕ್ಟರ್ ಬಂತು. ಅಂದಿನಿಂದ ಪ್ರತಿ ವರ್ಷ ಮೆರವಣಿಗೆ ದಾರಿಯನ್ನು ಪೊಲೀಸರ ಜತೆ ಮುಂಚೆಯೇ ನಡೆದು ನೋಡುವ ಕೆಲಸದಲ್ಲಿ ಅಜ್ಜಿಯೂ ಇದ್ದರು. ಖಾಲಿ ಬಾಟಲಿ ಗುಡ್ಡೆ ಹಾಕುವ ಗುಜರಿ ಅಂಗಡಿ, ಜೋತುಬಿದ್ದ ವೈರು, ಬೆಳಕಿಲ್ಲದ ಕಂಬ, ನಮಾಜಿನ ಹೊತ್ತು, ತಮಟೆ ನಿಲ್ಲಿಸಬೇಕಾದ ಜಾಗ. ಶಾಂತಿ ಎನ್ನುವುದು ಇಷ್ಟು ಸಣ್ಣಸಣ್ಣ ಕೆಲಸಗಳಲ್ಲಿ ಇರುತ್ತದೆ ಎಂದು ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಪೊಲೀಸರು ಮತ್ತು ಬೀದಿಯವರು ಹೀಗೆ ಜತೆ ಕೂರುವ ಪದ್ಧತಿಗೆ ನಮ್ಮ ದೇಶದಲ್ಲಿ ಹೆಸರಾದ ಮಾದರಿ ಮಹಾರಾಷ್ಟ್ರದ ಭಿವಂಡಿ. 1984ರಲ್ಲಿ ದಂಗೆಯಲ್ಲಿ ಬೆಂದ ಆ ಮಗ್ಗದ ಊರಿನಲ್ಲಿ, ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರ ಸುಮಾರಿಗೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಆಮೇಲೆ ಮುಂಬೈಯೂ ಅದನ್ನೇ ಹಿಡಿಯಿತು. ಪೊಲೀಸ್ ಅಧಿಕಾರಿಯಾಗಿದ್ದ ಜೂಲಿಯೋ ರಿಬೇರೊ, ಶಾಂತಿ ಕಾರ್ಯಕರ್ತೆ ಸುಶೋಭಾ ಬರ್ವೆ ಮುಂತಾದವರು ಮುಂದೆ ನಿಂತರು. ಅಮೆರಿಕದ ಶಿಕಾಗೋದಲ್ಲಿ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಹಿಂಸೆಯೂ ಅಂಟುರೋಗದಂತೆ ಹರಡುತ್ತದೆ ಎಂದು ಹೇಳಿ, 2000ದಲ್ಲಿ ಶುರು ಮಾಡಿದ ಯೋಜನೆಯಲ್ಲಿ ಆಯಾ ಬೀದಿಯವರನ್ನೇ ಜಗಳ ತಡೆಯುವ ಕೆಲಸಕ್ಕೆ ನೇಮಿಸಿದರು. ಹೊರಗಿನವರ ಮಾತಿಗೆ ಬಿಸಿರಕ್ತ ಬಗ್ಗುವುದಿಲ್ಲ ಎನ್ನುವುದು ಅವರಿಗೂ ತಿಳಿದಿತ್ತು.

ನಮ್ಮಲ್ಲೂ ಇಂಥದ್ದು ಕಂಡದ್ದುಂಟು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಭಾಗದಲ್ಲಿ ಗಲಭೆ ಎದ್ದು ಬೆಂಕಿ ಬಿದ್ದಾಗ, ಆಂಜನೇಯನ ಗುಡಿಯೊಂದರ ಸುತ್ತ ಅಲ್ಲಿನ ಮುಸ್ಲಿಂ ಹುಡುಗರು ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಅದರ ವಿಡಿಯೊ ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ಅಜ್ಜಿಗೆ ಅದನ್ನು ನೆನಪಿಸಿದೆ. ‘ಆ ಗುಡಿ ಪಕ್ಕದಲ್ಲೇ ಬೆಳೆದಿರ್ತಾರೆ ಕಣಪ್ಪ’ ಎಂದಷ್ಟೇ ಹೇಳಿದರು.

ಸಂಜೆ ಅಜ್ಜಿಯ ಜತೆ ಊರಿನ ಹೊಯ್ಸಳ ಗುಡಿಯವರೆಗೆ ನಡೆದೆ. 1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ, ಮೂರು ಗರ್ಭಗುಡಿಯ ತ್ರಿಕೂಟ ಅದು. ಆಚೆಗೆ ಅದೇ ಕಾಲದ ಸೋಮೇಶ್ವರ ಗುಡಿ. ಬೆಂಗಳೂರಿನ ಪೊಲೀಸ್ ಗಸ್ತು ಗಾಡಿಗಳಿಗೆ ‘ಹೊಯ್ಸಳ’ ಎಂದು ಹೆಸರಿಟ್ಟದ್ದನ್ನು ಹೇಳಿದಾಗ ಅಜ್ಜಿ ನಕ್ಕರು. ‘ಗೊತ್ತು, ನಮ್ಮೂರ ಗಾಡಿ ಬಂತು ಅಂತಿದ್ದೆ. ಆದ್ರೆ ಅದು ಬರೋದು ಹೊಡೆದಾಟ ಶುರುವಾದ ಮೇಲೆ.’

ಈಗಿನ ಶಾಂತಿಸಭೆಗಳು ಚಹಾ, ಬಿಸ್ಕತ್ತು, ಒಂದು ಫೋಟೊಗೆ ಮುಗಿಯುತ್ತವೆ ಎಂಬ ನೋವು ಅವರಿಗಿದೆ. ರೌಡಿಗಳಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ನಡೆದೇ ಇದೆ, ಆದರೆ ಹಬ್ಬ ಕಳೆದ ಮೇಲೆ ಆ ಸಭೆಯ ನೆನಪು ಯಾರಿಗೂ ಇರುವುದಿಲ್ಲ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಆರಂಭಿಸಿದೆ. ನಲವತ್ತು ಐವತ್ತು ಮನೆಗೊಂದು ಗುಂಪು ಮಾಡಿ ಪೊಲೀಸರೇ ಬಾಗಿಲಿಗೆ ಹೋಗುವ ಕ್ರಮ. ಒಳ್ಳೆಯದೇ. ಬಾಗಿಲು ತಟ್ಟುವವರು ಆ ಮೂಲೆಯ ಹೂವಿನವಳನ್ನೂ, ಹಾಲಿನ ಬೂತಿನವನನ್ನೂ, ಆಟೊ ಸ್ಟ್ಯಾಂಡಿನ ಹಿರಿಯನನ್ನೂ ಮೊದಲು ಕಂಡು ಬರಲಿ ಎಂಬುದು ನನ್ನ ಆಸೆ.

ಅಜ್ಜಿಯ ಹೆದರಿಕೆ ಬೇರೆಯದು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಗಾಳಿಸುದ್ದಿ ಹಬ್ಬಿ, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಬಡಿದು ಕೊಂದರು. ಅದನ್ನು ಅಜ್ಜಿ ಇಂದಿಗೂ ಮರೆತಿಲ್ಲ. ‘ಬೀದೀಲಿ ಹುಟ್ಟಿದ ಜಗಳ ಆದ್ರೆ ಯಾರ ಮಗ ಅಂತ ಕೇಳಬಹುದು. ಫೋನಲ್ಲಿ ಹುಟ್ಟಿದ ಜಗಳಕ್ಕೆ ಅಮ್ಮ ಯಾರು ಅಂತ ಕೇಳ್ಲಿ?’

ಹೊರಡುವಾಗ ಒಳಗಿನಿಂದ ಒಂದು ಹಳೆಯ ಉದ್ದ ನೋಟ್‌ಬುಕ್ ತಂದು ತೋರಿಸಿದರು. ಬಾಕಿ ಪುಸ್ತಕ. ಮೊಳದ ಲೆಕ್ಕ, ಹಾರದ ಲೆಕ್ಕ, ತೀರಿದ್ದಕ್ಕೆಲ್ಲ ಅಡ್ಡಗೆರೆ. ಕೊನೆಯ ಪುಟದಲ್ಲಿ ಎರಡು ಸಾಲಿಗೆ ಗೆರೆಯಿಲ್ಲ. ಒಂದು ಗಣಪತಿ ಹುಡುಗರದು, ಒಂದು ಉರುಸಿನವರದು. ವಸೂಲಿ ಮಾಡದೆ ಬಂದುಬಿಟ್ಟಿರಲ್ಲ ಎಂದೆ.

‘ಇರಲಿ ಬಿಡು. ಬಾಕಿ ಇದ್ರೆ ಮಾತಾಡಿಸ್ತಾರೆ.’

ಪುಸ್ತಕ ಮುಚ್ಚಿ, ಕಟ್ಟಿದ ಕಾಕಡವನ್ನು ಮೊಳಕೈಗೆ ಅಳೆದು, ಮೇಲೆ ಒಂದು ಗೇಣು ಕೊಸರು ಬಿಟ್ಟು ನಾರು ಹರಿದು ನನ್ನ ಕೈಗಿಟ್ಟರು. ದುಡ್ಡು ತೆಗೆದರೆ ತಗೊಳ್ಳಲಿಲ್ಲ. ಇನ್ನೊಮ್ಮೆ ಬಂದಾಗ ಕೊಡು ಎಂದರು.