ಮುಂದಿನ ನಿಲ್ದಾಣ... ಇತಿಹಾಸ!



ಮೆಟ್ರೋ ಹತ್ತಿದ ಕೂಡಲೇ ನೀವೇನು ಮಾಡ್ತೀರಿ? ಸೀಟು ಹುಡುಕ್ತೀರಿ, ಸಿಗದಿದ್ದರೆ ಕಂಬಿ ಹಿಡ್ಕೊಂಡು ಮೊಬೈಲ್ ತೆಗೀತೀರಿ. ಅಲ್ವಾ? ಈ ವಾರ ಮೊಬೈಲನ್ನು ಜೇಬಿಗೆ ಹಾಕಿ. ದಿಲ್ಲಿ ಮೆಟ್ರೋದ ನೇರಳೆ ಮಾರ್ಗದಲ್ಲಿ ಕಶ್ಮೀರಿ ಗೇಟ್‌ನಿಂದ ಲಾಜಪತ್ ನಗರದವರೆಗೆ ಸುಮ್ಮನೆ ನೋಡ್ತಾ ಹೋಗೋಣ ಬನ್ನಿ.

ಕಶ್ಮೀರಿ ಗೇಟ್ ನಿಲ್ದಾಣದ ಹತ್ತಿರದಲ್ಲೇ ಆ ಹೆಸರಿನ ಹಳೆಯ ಬಾಗಿಲಿದೆ. 1857ರ ಸೆಪ್ಟೆಂಬರ್ 14ರಂದು ಬ್ರಿಟಿಷರು ಸಿಡಿಮದ್ದಿಟ್ಟು ಒಡೆದದ್ದು ಇದನ್ನೇ. ಫಿರಂಗಿ ಗುಂಡಿನ ಗಾಯಗಳು ಗೋಡೆಯ ಮೇಲೆ ಇಂದಿಗೂ ಕಾಣುತ್ತವೆ.

ಮುಂದೆ ಲಾಲ್ ಕಿಲಾ, ಜಾಮಾ ಮಸೀದಿ. 2017ರ ಮೇ 28ರಂದು ತೆರೆದ ಈ ಭಾಗಕ್ಕೆ 'ಹೆರಿಟೇಜ್ ಲೈನ್' ಅಂತಲೇ ಹೆಸರು. ಕೋಟೆಗೂ ಮಸೀದಿಗೂ ನಡುವೆ ಅಷ್ಟೊಂದು ಬಯಲು ಯಾಕಿದೆ ಅಂತ ಯೋಚಿಸಿದ್ದೀರಾ? ಅದು ಷಹಜಹಾನ್ ಬಿಟ್ಟ ಜಾಗವಲ್ಲ. ಅಲ್ಲಿ ಮನೆಗಳು, ಹವೇಲಿಗಳು, ಬಜಾರುಗಳು ಕಿಕ್ಕಿರಿದಿದ್ದವು. 1857ರ ದಂಗೆಯ ನಂತರ, ಕೋಟೆಯ ಫಿರಂಗಿಗಳಿಗೆ ಅಡ್ಡಿಯಾಗದಿರಲೆಂದು ಬ್ರಿಟಿಷರು ಎಲ್ಲವನ್ನೂ ಕೆಡವಿಸಿದರು. ನಾವು ಎರಡು ನಿಮಿಷದಲ್ಲಿ ದಾಟುವುದು ಅಳಿಸಿಹೋದ ಒಂದು ಊರಿನ ಪಕ್ಕದಿಂದ!

ಮಂಡಿ ಹೌಸ್‌ನಲ್ಲಿ ಜೋಳಿಗೆ ಚೀಲದ ಹುಡುಗ ಹುಡುಗಿಯರು ಹತ್ತಿದರೆ ಗಮನಿಸಿ. ನಮ್ಮ ಬಿ.ವಿ. ಕಾರಂತರು 1977ರಿಂದ 1981ರವರೆಗೆ ನಿರ್ದೇಶಕರಾಗಿದ್ದ ರಾಷ್ಟ್ರೀಯ ನಾಟಕ ಶಾಲೆ ಇರುವುದು ಅಲ್ಲೇ ಸಮೀಪ. ಸೆಂಟ್ರಲ್ ಸೆಕ್ರೆಟರಿಯೇಟ್ ಬಂದರೆ ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟಿಫನ್ ಚೀಲ.

ಆಮೇಲೆ ಖಾನ್ ಮಾರ್ಕೆಟ್. ಇಂದು ದುಬಾರಿ ಅಂಗಡಿಗಳ ಸಾಲು. ಆದರೆ 1951ರಲ್ಲಿ ಅದು ಶುರುವಾದದ್ದು ದೇಶವಿಭಜನೆಯಲ್ಲಿ ವಾಯವ್ಯ ಗಡಿನಾಡಿನಿಂದ ಓಡಿಬಂದ ನಿರಾಶ್ರಿತರಿಗಾಗಿ. ಹೆಸರು, ಗಡಿನಾಡ ಗಾಂಧಿಯ ಅಣ್ಣ ಡಾ. ಖಾನ್ ಸಾಹೇಬರದು. ಲಾಜಪತ್ ನಗರವೂ ನಿರಾಶ್ರಿತರು ಕಟ್ಟಿಕೊಂಡ ಬಡಾವಣೆಯೇ.

ಹಾಗಾಗಿ ಅಲ್ಲಿ ಇಳಿಯಲು ಎದ್ದುನಿಂತ ಅಜ್ಜಿಯನ್ನು ಒಮ್ಮೆ ನೋಡಿ. ಲಾಹೋರಿನ ಮನೆಗೆ ಬೀಗ ಹಾಕಿ ಬಂದ ರಾತ್ರಿ ಅವರಿಗೆ ನೆನಪಿರಬಹುದು. ಅಂಥ ನೆನಪುಳ್ಳವರಿಗೆ ಈಗ ಎಂಬತ್ತು ದಾಟಿದೆ. ಕೋಟೆಯ ಕಥೆಯನ್ನು ಫಲಕ ಹೇಳುತ್ತೆ, ಇವರ ಕಥೆಯನ್ನು ಇವರೇ ಹೇಳಬೇಕು.

ಸೀಟು ಬಿಟ್ಟುಕೊಟ್ಟು, "ನಿಮ್ಮ ಮೂಲ ಊರು ಯಾವುದು?" ಅಂತ ಕೇಳಿ ನೋಡಿ. ಅವರೂ ಅದನ್ನೇ ನಿಮಗೆ ಕೇಳ್ತಾರೆ. ಆಗ ಧಾರವಾಡವೋ ಮಂಗಳೂರೋ, ನೀವೂ ಹೇಳಿ. ಊರು ಬಿಟ್ಟು ಬಂದವರ ರೈಲು ತಾನೇ ಇದು!

ಮುಂಬಯಿ, ಚೆನ್ನೈ, ಹೈದರಾಬಾದ್ ಕೇಳುಗರೇ, ನಿಮ್ಮ ನಿಲ್ದಾಣದ ಹೆಸರಿನ ಹಿಂದೆ ಯಾರಿದ್ದಾರೆ? ತಿಳಿದು ಬರೆಯಿರಿ, ಕಾಯ್ತಿರ್ತೀವಿ.